ಯೋಧನ ಮನೆ ಮುರಿದಾಗ ಪಲ್ಟನ್ನಿನ ಪಾಲೆಷ್ಟು?

ಸ್ನೇಹಿತರೊಬ್ಬರ ಮಗಳು ಕೆಲವು ತಿಂಗಳ ಹಿಂದೆ ಒಂದು ಪ್ಲಾಸ್ಟಿಕ್ ಫೈಲು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಗಂಡ ಸೇನೆಯಲ್ಲಿ ಹವಾಲ್ದಾರ್. ಎರಡು ವರ್ಷದಿಂದ ಮನೆಗೆ ಹಣ ಕಳುಹಿಸಿಲ್ಲ. ರಜೆಯಲ್ಲಿ ಬಂದರೂ ತನ್ನ ತಾಯಿಯ ಊರಿಗೆ ಹೋಗಿ ಅಲ್ಲಿಂದಲೇ ಹಿಂದಿರುಗುತ್ತಾನೆ. ಫೈಲಿನಲ್ಲಿ ಲಗ್ನಪತ್ರಿಕೆ, ಮಗುವಿನ ಜನನ ಪ್ರಮಾಣಪತ್ರ, ಅವಧಿ ಮುಗಿದ ಕ್ಯಾಂಟೀನ್ ಕಾರ್ಡು ಇದ್ದವು. ಜೊತೆಗೆ ಯಾವತ್ತೋ ಜೆರಾಕ್ಸ್ ಮಾಡಿಟ್ಟುಕೊಂಡಿದ್ದ ಗಂಡನ ಸಂಬಳದ ಚೀಟಿ. ವಕೀಲರು ಆಕೆಗೆ ಕೋರ್ಟಿನಲ್ಲಿ ಕೇಸು ಹಾಕೋಣ, ಪಲ್ಟನ್ನಿಗೂ, ಅಂದರೆ ಗಂಡನ ಸೇನಾ ಘಟಕಕ್ಕೂ, ಒಂದು ಅರ್ಜಿ ಬರೆಯಿರಿ ಎಂದಿದ್ದರಂತೆ. ಆ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಡುವುದು ನನ್ನ ಕೆಲಸ. ಆಕೆ ಕನ್ನಡದಲ್ಲಿ ಬರೆದು ತಂದಿದ್ದ ಕರಡು ನಾಲ್ಕು ಪುಟವಿತ್ತು. ಮೊದಲ ಪುಟ ಹಣದ ವಿಷಯ. ಉಳಿದ ಮೂರು ಪುಟಗಳಲ್ಲಿ ಮದುವೆಯ ಒಳಗಿನ ಸಂಗತಿಗಳು: ಯಾವ ರಾತ್ರಿ ಯಾವ ಮಾತಾಯಿತು, ಮೊಬೈಲಿನಲ್ಲಿ ಯಾರ ಸಂದೇಶ ಕಂಡಿತು, ಅತ್ತೆ ಏನೆಂದರು.

"ಇದನ್ನು ಯಾರ್ಯಾರು ಓದುತ್ತಾರೆ, ಮಾಮ?" ಎಂದು ಕೇಳಿದಳು.

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡುವವನ ಸಂಸಾರ ಮುರಿದರೆ ಅದು ಗಂಡ, ಹೆಂಡತಿ ಮತ್ತು ನ್ಯಾಯಾಲಯದ ನಡುವಿನ ವಿಷಯ. ಸೈನಿಕನ ಸಂಸಾರ ಮುರಿದರೆ ಅಲ್ಲಿ ನಾಲ್ಕನೆಯವರೊಬ್ಬರು ಬಂದು ಕೂರುತ್ತಾರೆ, ಅದು ಸೇನೆ. ಅದಕ್ಕೆ ಅಲ್ಲಿ ಎಷ್ಟು ಅಧಿಕಾರವಿದೆ, ಎಷ್ಟು ಇರಬೇಕು ಎಂಬುದು ಈಚಿನ ವರ್ಷಗಳಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದಿದೆ. ಆದರೂ ಇತ್ಯರ್ಥವಾಗಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಸೈನಿಕನಿಗೆ ವಿಚ್ಛೇದನ ಕೊಡುವ ಅಧಿಕಾರ ಸೇನೆಗೆ ಇಲ್ಲ. ಅದು ನ್ಯಾಯಾಲಯದ ಕೆಲಸ. ಹಿಂದೂ ದಂಪತಿಯಾದರೆ 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ, ಉಳಿದವರಿಗೆ ಅವರವರ ಕಾನೂನಿನ ಪ್ರಕಾರ. ಆದರೆ ಮದುವೆ, ಹೆರಿಗೆ, ವಿಚ್ಛೇದನ ಎಲ್ಲವೂ ಪಲ್ಟನ್ನಿನ ದಾಖಲೆಗೆ ಏರಬೇಕು. ಇದಕ್ಕೆ ಫೌಜಿನವರು 'ಪಾರ್ಟ್ ಟು ಆರ್ಡರ್' ಎನ್ನುತ್ತಾರೆ. ಕುಟುಂಬ ಪಿಂಚಣಿ, ಆಸ್ಪತ್ರೆ ಸೌಲಭ್ಯ, ಕ್ವಾರ್ಟರ್ಸ್ ಎಲ್ಲವೂ ಆ ಒಂದು ನಮೂದಿಗೆ ಕಟ್ಟಿಕೊಂಡಿರುತ್ತವೆ. ಹಾಗಾಗಿ ಸೈನಿಕನ ಮದುವೆಯ ಪ್ರತಿ ತಿರುವೂ ಒಬ್ಬ ಗುಮಾಸ್ತನ ಮೇಜಿನ ಮೇಲೆ ಹಾದುಹೋಗುತ್ತದೆ. ಇಷ್ಟರ ಮಟ್ಟಿಗೆ ತಕರಾರಿಲ್ಲ. ತಕರಾರು ಶುರುವಾಗುವುದು ಹಣದಲ್ಲಿ ಮತ್ತು ಶೀಲದಲ್ಲಿ.

ಹಣದ ವಿಷಯದಲ್ಲಿ ಸೇನೆಯ ಕೈ ಉದ್ದವಾಗಿರುವುದಕ್ಕೆ ಕಾನೂನೇ ಕಾರಣ. 1950ರ ಸೇನಾ ಕಾಯ್ದೆಯ 28ನೆಯ ಸೆಕ್ಷನ್ ಪ್ರಕಾರ ಯಾವುದೇ ಸಿವಿಲ್ ಅಥವಾ ಕಂದಾಯ ನ್ಯಾಯಾಲಯ ಸೈನಿಕನ ಸಂಬಳವನ್ನು ಜಪ್ತಿ ಮಾಡುವಂತಿಲ್ಲ. ಗಡಿಯಲ್ಲಿ ನಿಂತವನ ಸಂಬಳಕ್ಕೆ ಊರಿನಲ್ಲಿ ಸಾಲ ಕೊಟ್ಟವನು ಕೈಹಾಕಬಾರದು ಎಂಬುದು ಅದರ ಹಿಂದಿನ ಕಾಳಜಿ. ಆದರೆ ಅದೇ ರಕ್ಷಣೆ ಹೆಂಡತಿ ಮಕ್ಕಳಿಗೂ ಅಡ್ಡವಾದರೆ ಗತಿಯೇನು? ಅದಕ್ಕೆಂದೇ ಅಧಿಕಾರಿಗಳಿಗೆ 90ನೆಯ ಸೆಕ್ಷನ್, ಉಳಿದ ದರ್ಜೆಯವರಿಗೆ 91ನೆಯ ಸೆಕ್ಷನ್ ಇವೆ. ಹೆಂಡತಿ ಮತ್ತು ಮಕ್ಕಳ ಪೋಷಣೆಗೆ ಬೇಕಾದ ಹಣವನ್ನು ಸಂಬಳದಿಂದ ನೇರವಾಗಿ ಕಡಿದು ಕೊಡುವ ಅಧಿಕಾರವನ್ನು ಅವು ಕೇಂದ್ರ ಸರ್ಕಾರಕ್ಕೆ ಮತ್ತು ನಿಗದಿತ ಸೇನಾಧಿಕಾರಿಗೆ ಕೊಟ್ಟಿವೆ. ಮದುವೆಯಾಚೆ ಹುಟ್ಟಿದ ಮಗುವಿಗೂ ಇದು ಅನ್ವಯಿಸುತ್ತದೆ. 1950ರಲ್ಲೇ ಹಾಗೆ ಬರೆದಿಟ್ಟವರ ಬಗ್ಗೆ ನನಗೆ ಗೌರವವಿದೆ.

ವಿಧಾನವೂ ಸರಳ. ಹೆಂಡತಿ ಕಮಾಂಡಿಂಗ್ ಆಫೀಸರಿಗೆ ಅರ್ಜಿ ಕೊಡಬೇಕು. ಗಂಡನಿಗೆ ಷೋಕಾಸ್ ನೋಟಿಸ್ ಹೋಗುತ್ತದೆ, ಅವನ ಉತ್ತರ ಬರುತ್ತದೆ, ಮೇಲಿನವರು ತೀರ್ಮಾನಿಸುತ್ತಾರೆ. 2001ರ ಸೇನಾ ಆದೇಶದಂತೆ ಹೆಂಡತಿಗೆ ಸಂಬಳ ಭತ್ಯೆಗಳ ಗರಿಷ್ಠ ಶೇ. 22, ಪ್ರತಿ ಮಗುವಿಗೆ ಶೇ. 5.5, ಎಲ್ಲ ಸೇರಿ ಶೇ. 33ರ ಒಳಗೆ ಕೊಡಬಹುದು. ಹೆಂಡತಿಗೆ ಗಂಡನ ನಿವ್ವಳ ಸಂಬಳದ ಶೇ. 25ರಷ್ಟು ಜೀವನಾಂಶ ನ್ಯಾಯವಾದದ್ದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಒಂದು ಪ್ರಕರಣದಲ್ಲಿ ಹೇಳಿತ್ತು. ಸೇನೆಯ ಲೆಕ್ಕ ಅದಕ್ಕೆ ತುಂಬ ದೂರವಿಲ್ಲ. ಕೌಟುಂಬಿಕ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಅಲೆಯಲಾಗದ ಹೆಂಗಸಿಗೆ, ಅದರಲ್ಲೂ ಕೊಡಗಿನ ಹಾಸನದ ಬೆಳಗಾವಿಯ ಹಳ್ಳಿಗಳಲ್ಲಿ ಒಂಟಿಯಾಗಿ ಮಗು ಸಾಕುತ್ತಿರುವವಳಿಗೆ, ಇದು ದೊಡ್ಡ ಆಸರೆ. ಸೈನಿಕ ಯುದ್ಧದ ಅಥವಾ ವಿಶೇಷ ಪರಿಸ್ಥಿತಿಯ ಕರ್ತವ್ಯದಲ್ಲಿದ್ದರೆ 1925ರ ಸೈನಿಕರ ದಾವೆ ಕಾಯ್ದೆಯಡಿ ಸಿವಿಲ್ ಕಲಾಪವನ್ನೇ ಮುಂದೂಡಬಹುದು ಎಂಬುದನ್ನು ನೆನೆದರೆ ಈ ಆಸರೆಯ ಬೆಲೆ ಇನ್ನಷ್ಟು ತಿಳಿಯುತ್ತದೆ. ಸಂಸಾರದೊಳಗೆ ಸೇನೆ ಕೈಹಾಕುವುದನ್ನು ಒಟ್ಟಾಗಿ ಖಂಡಿಸುವವರು ಈ ಒಂದು ಕೈಯನ್ನು ಮಾತ್ರ ಕತ್ತರಿಸಬಾರದು.

ಆದರೆ ಆ ಅರ್ಜಿಯೇ ಅರ್ಜಿದಾರಳಿಗೆ ತಿರುಗುಬಾಣವಾದ ಪ್ರಕರಣವೂ ನಮ್ಮ ಮುಂದಿದೆ.

2006ರಲ್ಲಿ ಒಬ್ಬ ಸೇನಾಧಿಕಾರಿಯ ಮದುವೆಯಾಯಿತು. ಆತ ಎಂ.ಟೆಕ್. ಪದವೀಧರ, ಆಕೆ ಪಿಎಚ್‌.ಡಿ. ಮಾಡಿ ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪಕಿ. ಅವರು ಒಟ್ಟಿಗೆ ಬಾಳಿದ್ದು ವಿಶಾಖಪಟ್ಟಣ ಮತ್ತು ಲೂಧಿಯಾನದಲ್ಲಿ ಕೆಲವೇ ತಿಂಗಳು. ಜಗಳ ಬೆಳೆದ ಮೇಲೆ ಆಕೆ ಗಂಡನ ಮೇಲಧಿಕಾರಿಗಳಿಗೆ ಸಾಲುಸಾಲು ದೂರು ಬರೆದರು; ಒಂದು ಭೂಸೇನಾ ಮುಖ್ಯಸ್ಥರವರೆಗೂ ಹೋಯಿತು. ಸೇನೆ ವಿಚಾರಣೆ ನಡೆಸಿತು. ಅಧಿಕಾರಿಯ ಭಡ್ತಿಯ ದಾರಿ ಮುಚ್ಚಿತು. ಆತ ಮಾನಸಿಕ ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನ ಕೇಳಿದರು. ಕೆಳಗಿನ ನ್ಯಾಯಾಲಯ ಕೊಟ್ಟಿತು. ಉತ್ತರಾಖಂಡ ಹೈಕೋರ್ಟ್ ಇವೆಲ್ಲ ಮಧ್ಯಮವರ್ಗದ ಸಂಸಾರದ ಮಾಮೂಲಿ ಜಟಾಪಟಿ ಎಂದು ಅದನ್ನು ರದ್ದುಮಾಡಿತು. 2021ರ ಫೆಬ್ರುವರಿ 26ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೈಕೋರ್ಟ್ ತೀರ್ಪನ್ನು ಬದಿಗಿಟ್ಟು, ಮೇಲಧಿಕಾರಿಗಳಿಗೆ ಹೋದ ಆರೋಪಗಳು ಗಂಡನ ಉದ್ಯೋಗಕ್ಕೂ ಮರ್ಯಾದೆಗೂ ಸರಿಪಡಿಸಲಾಗದ ಹಾನಿ ಮಾಡಿವೆ, ಇದು ಕ್ರೌರ್ಯವೇ ಎಂದು ವಿಚ್ಛೇದನವನ್ನು ಎತ್ತಿಹಿಡಿಯಿತು.

ಆ ಪ್ರಕರಣದ ಸಂಗತಿಗಳಿಗೆ ತೀರ್ಪು ಸರಿಯಿದ್ದೀತು. ಆದರೆ ಅದನ್ನು ಹಳ್ಳಿಯ ಹವಾಲ್ದಾರನ ಹೆಂಡತಿಯ ಕಡೆಯಿಂದ ಓದಿ ನೋಡಿ. ಹಣ ಬೇಕಾದರೆ ಕಮಾಂಡಿಂಗ್ ಆಫೀಸರಿಗೆ ಬರೆಯಲೇಬೇಕು, ಏಕೆಂದರೆ ಸಂಬಳದ ಬೀಗದಕೈ ಅವರ ಬಳಿಯಿದೆ. ಬರೆಯುವಾಗ ಗಂಡ ಏಕೆ ಬಿಟ್ಟುಹೋದ ಎಂಬುದನ್ನೂ ಹೇಳಬೇಕೆನಿಸುತ್ತದೆ. ಕಾರಣ ಹೇಳದ ಅರ್ಜಿಯನ್ನು ಯಾರು ನಂಬುತ್ತಾರೆ ಎಂಬ ಅಳುಕು ಅವಳಿಗೆ. ಹಾಗೆ ಬರೆದ ಒಂದೊಂದು ವಾಕ್ಯವೂ ನಾಳೆ ವಿಚ್ಛೇದನದ ಕೇಸಿನಲ್ಲಿ ಅವಳ ವಿರುದ್ಧವೇ ಕ್ರೌರ್ಯದ ಪುರಾವೆಯಾಗಿ ನಿಲ್ಲಬಹುದು. ಪೋಷಣೆಯ ಅರ್ಜಿಗೂ ನಡತೆಯ ದೂರಿಗೂ ಒಂದೇ ಬಾಗಿಲು ಇಟ್ಟಿರುವುದೇ ಇದಕ್ಕೆ ಮೂಲ. ಹಣ ಕೇಳಿದವಳ ಕಾಗದ ಹಣದ ಮೇಜಿಗೇ ಹೋಗಬೇಕು. ಶಿಸ್ತಿನ ಮೇಜಿಗೆ ಅದು ತಾನಾಗಿ ದಾಟಿಹೋಗಬಾರದು.

ಶಿಸ್ತಿನ ಮೇಜಿನ ಕಥೆ ಬೇರೆಯೇ ಇದೆ.

2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ ಭಾರತೀಯ ದಂಡ ಸಂಹಿತೆಯ 497ನೆಯ ಸೆಕ್ಷನ್ ಅನ್ನು ರದ್ದುಪಡಿಸಿತು. ಪರಸ್ತ್ರೀಯೊಡನೆ ಸಂಬಂಧ ಬೆಳೆಸಿದ ಗಂಡಸಿಗೆ ಐದು ವರ್ಷದವರೆಗೆ ಶಿಕ್ಷೆ ವಿಧಿಸುತ್ತಿದ್ದ ಆ ಕಾನೂನಿನಲ್ಲಿ ಹೆಂಡತಿ ಗಂಡನ ಆಸ್ತಿಯಂತೆ ಇದ್ದಳು. ಗಂಡ ಒಪ್ಪಿದ್ದರೆ ಅಪರಾಧವೇ ಇಲ್ಲ. ಅಂದಿನಿಂದ ವ್ಯಭಿಚಾರ ವಿಚ್ಛೇದನಕ್ಕೆ ಕಾರಣವಾಗಬಲ್ಲದು, ಜೈಲಿಗೆ ಕಾರಣವಾಗದು. ಆದರೆ ಸೇನೆಯೊಳಗೆ? ಅಲ್ಲಿ ಅದಕ್ಕೆ ಪ್ರತ್ಯೇಕ ಹೆಸರಿನ ಸೆಕ್ಷನ್ ಯಾವತ್ತೂ ಇರಲಿಲ್ಲ. ಸೇನಾ ಕಾಯ್ದೆಯ 45ನೆಯ ಸೆಕ್ಷನ್ನಿನಲ್ಲಿ ಅಧಿಕಾರಿಗಳ ಮತ್ತು ಜೂನಿಯರ್ ಕಮಿಷನ್ಡ್ ಅಧಿಕಾರಿಗಳ 'ಸ್ಥಾನಕ್ಕೆ ತಕ್ಕದ್ದಲ್ಲದ ನಡತೆ' ಇದೆ. ಶಿಕ್ಷೆ ಅವಮಾನಕರವಾದ ವಜಾವರೆಗೆ. 63ನೆಯ ಸೆಕ್ಷನ್ನಿನಲ್ಲಿ ಎಲ್ಲ ದರ್ಜೆಯವರಿಗೂ ಅನ್ವಯಿಸುವ 'ಸುವ್ಯವಸ್ಥೆ ಮತ್ತು ಶಿಸ್ತಿಗೆ ಧಕ್ಕೆ' ಇದೆ. ಶಿಕ್ಷೆ ಏಳು ವರ್ಷದ ಸೆರೆವಾಸದವರೆಗೆ. ಇವೆರಡರ ಅಡಿಯಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಆರೋಪದ ಮಾತನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ಸಹ ಅಧಿಕಾರಿಯ ಹೆಂಡತಿಯ ಒಲವನ್ನು ಕದ್ದದ್ದು.

ಕದ್ದದ್ದು! ಕಳವಾಗುವುದು ವಸ್ತು. ಈ ಮಾತಿನಲ್ಲಿ ಆ ಹೆಂಗಸು ಎಲ್ಲಿದ್ದಾಳೆ? ಅವಳ ಒಲವು ಅವಳದ್ದೆಂದು ಬರೆದವರಿಗೆ ಅನಿಸಲೇ ಇಲ್ಲ. ಸುಪ್ರೀಂ ಕೋರ್ಟ್ ದಂಡ ಸಂಹಿತೆಯಿಂದ ಯಾವ ಕಲ್ಪನೆಯನ್ನು ಹೊರಹಾಕಿತೋ ಅದೇ ಕಲ್ಪನೆ ಆರೋಪಪಟ್ಟಿಯ ಭಾಷೆಯಲ್ಲಿ ಉಳಿದುಕೊಂಡಿದೆ.

2018ರ ತೀರ್ಪನ್ನು ಆಧರಿಸಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕೆಲವು ಶಿಸ್ತುಕ್ರಮಗಳನ್ನು ರದ್ದುಪಡಿಸತೊಡಗಿದಾಗ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅದರ ವಾದವನ್ನು ಹಗುರವಾಗಿ ನೋಡುವಂತಿಲ್ಲ. ಸೈನಿಕ ತಿಂಗಳುಗಟ್ಟಲೆ ಮನೆಯಿಂದ ದೂರ, ಕುಟುಂಬಕ್ಕೆ ಜಾಗವಿಲ್ಲದ ಠಾಣೆಗಳಲ್ಲಿ ಇರುತ್ತಾನೆ. ಹಿಂದೆ ಉಳಿದ ಸಂಸಾರ ಕಂಟೋನ್ಮೆಂಟಿನಲ್ಲಿ, ಇತರ ಸೈನಿಕರ ನಡುವೆ ಇರುತ್ತದೆ. ಪಕ್ಕದ ಬಂಕರಿನಲ್ಲಿ ಮಲಗುವವನ ಮೇಲೆ, ಆದೇಶ ಕೊಡುವವನ ಮೇಲೆ ಈ ವಿಷಯದಲ್ಲಿ ಅನುಮಾನ ಹುಟ್ಟಿದರೆ ಆ ತುಕಡಿ ಕಾದಾಡುವುದು ಹೇಗೆ? 2023ರ ಜನವರಿ 31ರಂದು ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ನೇತೃತ್ವದ ಐವರ ಪೀಠ, 2018ರ ತೀರ್ಪು ಸಶಸ್ತ್ರ ಪಡೆಗಳ ಕಾಯ್ದೆಗಳ ಗೊಡವೆಗೆ ಹೋಗಿರಲಿಲ್ಲ ಎಂದು ಸ್ಪಷ್ಟಪಡಿಸಿತು. ಅಷ್ಟೇ ಹೇಳಿತು ಎಂಬುದನ್ನು ಗಮನಿಸಬೇಕು. ಸೇನೆಯಲ್ಲಿ ವ್ಯಭಿಚಾರ ಅಪರಾಧವಾಗಿರುವುದು ಸಂವಿಧಾನಬದ್ಧ ಎಂದು ಆ ಪೀಠ ಪರೀಕ್ಷಿಸಿ ತೀರ್ಮಾನಿಸಲಿಲ್ಲ. ಪ್ರಶ್ನೆ ಹಾಗೆಯೇ ತೆರೆದಿದೆ.

ಸೇನೆಯ ಪರವಾಗಿ ನಿಲ್ಲುವ ಗಟ್ಟಿ ಆಧಾರ ಸಂವಿಧಾನದ 33ನೆಯ ವಿಧಿ. ಸಶಸ್ತ್ರ ಪಡೆಗಳವರ ಮೂಲಭೂತ ಹಕ್ಕುಗಳನ್ನು, ಕರ್ತವ್ಯ ಪಾಲನೆ ಮತ್ತು ಶಿಸ್ತಿನ ಸಲುವಾಗಿ, ಸಂಸತ್ತು ಕಾನೂನಿನ ಮೂಲಕ ಮೊಟಕುಗೊಳಿಸಬಹುದು. ಸೇನಾ ಕಾಯ್ದೆಯ 21ನೆಯ ಸೆಕ್ಷನ್ ಆ ಮೊಟಕನ್ನು ಹೆಸರಿಸುತ್ತದೆ: ಸಂಘ ಕಟ್ಟುವುದು, ಸಭೆ ಮತ್ತು ಪ್ರದರ್ಶನಗಳಲ್ಲಿ ಭಾಗವಹಿಸುವುದು, ಪತ್ರಿಕೆಗಳೊಡನೆ ವ್ಯವಹರಿಸುವುದು. ಖಾಸಗಿ ಬದುಕು ಆ ಪಟ್ಟಿಯಲ್ಲಿಲ್ಲ. ಆದರೆ ಸೇನಾ ಕಾಯ್ದೆಯ ಪ್ರತಿಯೊಂದು ಸೆಕ್ಷನ್ನಿಗೂ 33ನೆಯ ವಿಧಿಯ ಆಶ್ರಯವಿದೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿರುವುದರಿಂದ, 45 ಮತ್ತು 63 ಹಕ್ಕುಗಳಿಗೆ ತಗಲಿದರೂ ಅಷ್ಟಕ್ಕೇ ಬಿದ್ದುಹೋಗುವುದಿಲ್ಲ. ಆಗ ಖಾಸಗಿತನ ಮೂಲಭೂತ ಹಕ್ಕೆಂದು ಘೋಷಣೆಯಾಗಿರಲಿಲ್ಲ. ಅದಾಗಿದ್ದು 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಒಮ್ಮತದಿಂದ. ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನಕ್ಕೆ ಕೈಹಾಕಬೇಕಾದರೆ ಅದಕ್ಕೆ ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈಹಾಕಬೇಕು ಎಂಬುದು ಆ ತೀರ್ಪಿನ ಸಾರ. ಸೇನೆಯ ಬಳಿ ಕಾನೂನಿದೆ, ಉದ್ದೇಶವೂ ಇದೆ. ಮೂರನೆಯದರ ಲೆಕ್ಕವನ್ನು ಮಾತ್ರ ಯಾರೂ ಕೇಳಿಲ್ಲ.

ಆ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ವಿಚಾರಣೆಯ ಕೋಣೆಯೊಳಗೆ ನಿಂತು ನೋಡಬೇಕು. ಹಿಂದೂ ವಿವಾಹ ಕಾಯ್ದೆಯ 22ನೆಯ ಸೆಕ್ಷನ್ ಪ್ರಕಾರ ವಿಚ್ಛೇದನದ ಕಲಾಪ ಬಾಗಿಲು ಮುಚ್ಚಿಯೇ ನಡೆಯಬೇಕು. ಅದರ ವಿವರ ಅಚ್ಚುಹಾಕುವುದು ತಪ್ಪು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲೂ ಇಂಥದೇ ಅವಕಾಶವಿದೆ. ಅದೇ ದಂಪತಿಯ ಅದೇ ಸಂಗತಿ ಪಲ್ಟನ್ನಿನ ಕೋರ್ಟ್ ಆಫ್ ಇನ್‌ಕ್ವೈರಿಗೆ, ಅಂದರೆ ಸೇನೆಯ ಒಳಗಿನ ತನಿಖೆಗೆ, ಬಂದರೆ, ಗಂಡನೋ ಆರೋಪಿಯೋ ದಿನವೂ ಸಲಾಂ ಹೊಡೆಯುವ, ಮೆಸ್ಸಿನಲ್ಲಿ ಜೊತೆಗೆ ಊಟ ಮಾಡುವ ಅಧಿಕಾರಿಗಳ ಮುಂದೆ ಹೇಳಿಕೆಗಳು ದಾಖಲಾಗುತ್ತವೆ. ಆ ಕಡತ ಯೂನಿಟ್‌ನಿಂದ ಬ್ರಿಗೇಡಿಗೆ, ಅಲ್ಲಿಂದ ಡಿವಿಷನ್ನಿಗೆ ಏರುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. 1954ರ ಸೇನಾ ನಿಯಮಗಳ 180ನೆಯ ನಿಯಮ, ವಿಚಾರಣೆಯಿಂದ ಒಬ್ಬನ ಶೀಲಕ್ಕೆ ಧಕ್ಕೆ ಬರುವುದಾದರೆ ಅವನಿಗೆ ಆದ್ಯಂತ ಹಾಜರಿದ್ದು ಸಾಕ್ಷಿಗಳನ್ನು ಪ್ರಶ್ನಿಸುವ ಪೂರ್ಣ ಅವಕಾಶ ಕೊಡಬೇಕು ಎನ್ನುತ್ತದೆ. ಒಳ್ಳೆಯ ನಿಯಮ. ಆದರೆ ಅದು 'ಕಾಯ್ದೆಗೆ ಒಳಪಟ್ಟ ವ್ಯಕ್ತಿ'ಗೆ ಮಾತ್ರ. ಹೆಂಡತಿ ಸೇನಾ ಕಾಯ್ದೆಗೆ ಒಳಪಟ್ಟವಳಲ್ಲ. ಯಾರ ಶೀಲದ ಸುತ್ತ ಇಡೀ ವಿಚಾರಣೆ ಸುತ್ತುತ್ತಿದೆಯೋ ಅವಳಿಗೆ ಆ ಕೋಣೆಯಲ್ಲಿ ಕೂರುವ ಹಕ್ಕನ್ನು ಆ ನಿಯಮ ಕೊಡುವುದಿಲ್ಲ. ಸಾಕ್ಷಿಯಾಗಿ ಕರೆದರೆ ಬಂದು ಹೇಳಿ ಹೋಗಬೇಕು, ಅಷ್ಟೇ. ಈ ಇಡೀ ವ್ಯವಸ್ಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

2025ರ ಮೇ ತಿಂಗಳಲ್ಲಿ ದೆಹಲಿಯ ಸಿವಿಲ್ ನ್ಯಾಯಾಲಯವೊಂದರ ಮುಂದೆ ಬಂದ ದಾವೆಯನ್ನು ನೋಡಿ. ಒಬ್ಬ ಮೇಜರ್, ತನ್ನ ಹೆಂಡತಿ ಮತ್ತೊಬ್ಬ ಅಧಿಕಾರಿಯ ಜೊತೆ ಹೋಟೆಲಿಗೆ ಹೋಗಿದ್ದಳೆಂಬ ಅನುಮಾನದಿಂದ, ಆ ಹೋಟೆಲಿನ ಸಿಸಿಟಿವಿ ದೃಶ್ಯ ಮತ್ತು ಬುಕಿಂಗ್ ವಿವರ ಕೊಡಿಸಬೇಕೆಂದು ಕೇಳಿದರು. ಹೆಂಡತಿಯನ್ನೂ ಆ ಅಧಿಕಾರಿಯನ್ನೂ ಪ್ರತಿವಾದಿಗಳನ್ನಾಗಿ ಮಾಡಿರಲಿಲ್ಲ. ನ್ಯಾಯಾಧೀಶರು ದಾವೆಯನ್ನು ವಜಾ ಮಾಡಿದರು. ಅತಿಥಿಯ ಖಾಸಗಿತನವನ್ನು ಕಾಯುವುದು ಹೋಟೆಲಿನ ಹೊಣೆ, ಒಬ್ಬ ಗಂಡಸು ಇನ್ನೊಬ್ಬನ ಹೆಂಡತಿಯನ್ನು ಕದಿಯುತ್ತಾನೆಂಬ ಕಲ್ಪನೆ ಹಳತಾಗಿದೆ, ಸೇನೆಯ ಆಂತರಿಕ ವಿಚಾರಣೆಗೆ ಸಾಕ್ಷಿ ಸಂಗ್ರಹಿಸಿಕೊಡುವುದು ಸಿವಿಲ್ ನ್ಯಾಯಾಲಯದ ಕೆಲಸವಲ್ಲ ಎಂದರು.

ಎಲ್ಲ ನ್ಯಾಯಾಲಯಗಳೂ ಹೀಗೇ ಹೇಳುತ್ತಿಲ್ಲ. ವಿಚ್ಛೇದನದ ಜಗಳದಲ್ಲಿ ಮೂರನೆಯ ವ್ಯಕ್ತಿಯ ಮೊಬೈಲ್ ಟವರ್ ವಿವರ ತರಿಸುವುದು ಅವನ ಖಾಸಗಿತನದ ಉಲ್ಲಂಘನೆ ಎಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ 2022ರಲ್ಲಿ ಹೇಳಿದರು. ಮರುವರ್ಷ ದೆಹಲಿ ಹೈಕೋರ್ಟ್ ವ್ಯಭಿಚಾರ ಸಾಬೀತುಪಡಿಸಲು ಹೋಟೆಲ್ ದಾಖಲೆ ತರಿಸುವುದನ್ನು ಒಪ್ಪಿತು. 2025ರ ಜುಲೈ 14ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಗಂಡ ಹೆಂಡತಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ತಿಳಿಯದಂತೆ ಧ್ವನಿಮುದ್ರಿಸಿದ ಫೋನ್ ಸಂಭಾಷಣೆಯನ್ನು ವಿಚ್ಛೇದನದ ಕೇಸಿನಲ್ಲಿ ಸಾಕ್ಷಿಯಾಗಿ ಬಳಸಬಹುದು ಎಂದಿತು. ಈ ಕೊನೆಯ ತೀರ್ಪಿನ ನೆರಳು ಕಂಟೋನ್ಮೆಂಟಿನ ಮೇಲೆ ಹೆಚ್ಚು ದಟ್ಟವಾಗಿ ಬೀಳುತ್ತದೆಂಬುದು ನನ್ನ ಭಯ. ಸಾಮಾನ್ಯ ದಂಪತಿಯಲ್ಲಿ ಆ ಧ್ವನಿಮುದ್ರಿಕೆ ಮದುವೆಯನ್ನು ಮುಗಿಸಬಹುದು. ಸೈನಿಕನ ವಿಷಯದಲ್ಲಿ ಅದು ಕೆಲಸ, ಪಿಂಚಣಿ, ಸ್ವಾತಂತ್ರ್ಯ ಮೂರನ್ನೂ ಕಸಿಯುವ ದಾರಿಗೆ ಮೊದಲ ಮೆಟ್ಟಿಲಾಗಬಹುದು.

ಬೇರೆ ಸೇನೆಗಳು ಈ ಗಂಟನ್ನು ಸ್ವಲ್ಪ ಸಡಿಲಿಸಿಕೊಂಡಿವೆ. ಬ್ರಿಟನ್ನಿನ ಸೇನೆ 2000ದಿಂದ ಒಂದು ಪ್ರಶ್ನೆಯನ್ನು ಅಳತೆಗೋಲಾಗಿ ಇಟ್ಟುಕೊಂಡಿದೆ: ಈ ನಡತೆಯಿಂದ ಪಡೆಯ ದಕ್ಷತೆಗೆ, ಕಾರ್ಯಾಚರಣೆಯ ಸಾಮರ್ಥ್ಯಕ್ಕೆ ಧಕ್ಕೆ ಆಗಿದೆಯೇ ಅಥವಾ ಆಗುವ ಸಂಭವವಿದೆಯೇ? ಅಮೆರಿಕ ವಿವಾಹೇತರ ಸಂಬಂಧವನ್ನು ಇಂದಿಗೂ ಸೇನಾಪರಾಧವಾಗಿಯೇ ಇಟ್ಟುಕೊಂಡಿದೆ. ಆದರೆ 2019ರಿಂದ, ನ್ಯಾಯಾಲಯದ ಆದೇಶದಂತೆ ದಂಪತಿ ಕಾನೂನುಬದ್ಧವಾಗಿ ಬೇರೆಯಾಗಿದ್ದರೆ ಅದು ಆರೋಪಿಗೆ ರಕ್ಷಣೆಯಾಗುತ್ತದೆ. ವರ್ಷಗಟ್ಟಲೆ ವಿಚ್ಛೇದನದ ಕೇಸು ಎಳೆಯುವ ನಮ್ಮ ದೇಶದಲ್ಲಿ ಈ ರಕ್ಷಣೆ ಇನ್ನೂ ಹೆಚ್ಚು ಬೇಕು. ಏಳೆಂಟು ವರ್ಷ ಬೇರೆ ಬದುಕಿ ಡಿಕ್ರಿಗೆ ಕಾಯುತ್ತಿರುವ ಕ್ಯಾಪ್ಟನ್, ಗಂಡಾಗಲಿ ಹೆಣ್ಣಾಗಲಿ, ಹೊಸ ಸ್ನೇಹ ಬೆಳೆಸಿದರೆ ಅದು ಯಾವ ತುಕಡಿಯ ಶಿಸ್ತನ್ನು ಕೆಡಿಸಿತು?

ಕೈಕೆಳಗಿನವನ ಹೆಂಡತಿಯೊಡನೆ ಅಧಿಕಾರಿ ಸಂಬಂಧ ಬೆಳೆಸಿದರೆ ಶಿಕ್ಷೆಯಾಗಲೇಬೇಕು. ಅಲ್ಲಿ ದರ್ಜೆಯ ದುರುಪಯೋಗವಿದೆ, ನಂಬಿಕೆಗೆ ಪೆಟ್ಟಿದೆ. ಸೇನೆ ಹೇಳುವ ಭಯ ಅಲ್ಲಿ ಅಕ್ಷರಶಃ ನಿಜ. ಆದರೆ ಕರ್ತವ್ಯಕ್ಕೆ ಸಂಬಂಧವೇ ಇಲ್ಲದ ಕಡೆಯೂ 'ಸ್ಥಾನಕ್ಕೆ ತಕ್ಕದ್ದಲ್ಲದ ನಡತೆ' ಎಂಬ ಅಗಲವಾದ ಬಲೆ ಬೀಸಬಹುದಾಗಿದೆ. ಧಕ್ಕೆ ಏನೆಂದು ಆರೋಪಪಟ್ಟಿಯಲ್ಲೇ ಬರೆಯಬೇಕೆಂಬ ಒಂದು ನಿಯಮ ಬಂದರೂ ಸಾಕು, ಅರ್ಧ ಅನ್ಯಾಯ ತಪ್ಪುತ್ತದೆ. ಸೇನೆ ಬದಲಾಗುವುದೇ ಇಲ್ಲ ಎನ್ನುವವರಿಗೆ ಒಂದು ನೆನಪು: ಸೇನಾ ಶುಶ್ರೂಷಾ ಸೇವೆಯ ಒಬ್ಬ ಅಧಿಕಾರಿಣಿಯನ್ನು, ಮದುವೆಯಾದರೆಂಬ ಕಾರಣಕ್ಕೇ, 1988ರಲ್ಲಿ ಕೆಲಸದಿಂದ ಬಿಡುಗಡೆ ಮಾಡಲಾಗಿತ್ತು. ಹಾಗೆ ಮಾಡಲು ಆಧಾರವಾಗಿದ್ದ 1977ರ ಸೇನಾ ಸೂಚನೆಯನ್ನು 1995ರಲ್ಲಿ ಹಿಂತೆಗೆದುಕೊಳ್ಳಲಾಯಿತು. 2024ರಲ್ಲಿ ಸುಪ್ರೀಂ ಕೋರ್ಟ್ ಆಕೆಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಒಂದು ಕಾಲಕ್ಕೆ ಶಿಸ್ತಿನ ಹೆಸರಿನಲ್ಲಿ ಸಹಜವೆನಿಸಿದ್ದು ಮೂರೂವರೆ ದಶಕದ ಬಳಿಕ ಲಿಂಗ ತಾರತಮ್ಯ ಎನಿಸಿಕೊಂಡಿತು.

ಹವಾಲ್ದಾರನ ಹೆಂಡತಿಗೆ ಆ ಸಂಜೆ ನಾನು ಬೆರಳೆಣಿಸಿ ಹೇಳಿದೆ: ಗುಮಾಸ್ತ, ಸುಬೇದಾರ್, ಅಡ್ಜುಟೆಂಟ್, ಕಮಾಂಡಿಂಗ್ ಆಫೀಸರ್, ಅವರ ಮೇಲಿನ ಕಚೇರಿಗಳು, ಷೋಕಾಸ್ ನೋಟಿಸಿನ ಜೊತೆ ನಿನ್ನ ಗಂಡ, ಅವನ ವಕೀಲ, ನಾಳೆ ಇಲ್ಲಿಯ ಕೋರ್ಟು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕರಡಿನ ಕೊನೆಯ ಮೂರು ಹಾಳೆಗಳನ್ನು ಬಿಡಿಸಿ, ನಾಲ್ಕಾಗಿ ಮಡಚಿ, ತನ್ನ ಪರ್ಸಿನೊಳಗೆ ಇಟ್ಟುಕೊಂಡಳು. ಉಳಿದ ಒಂದು ಪುಟವನ್ನು ಇಂಗ್ಲಿಷಿಗೆ ಇಳಿಸಿದೆವು: ಮದುವೆಯ ದಿನಾಂಕ, ಮಗುವಿನ ಹೆಸರು, ಕೊನೆಯ ಬಾರಿ ಹಣ ಬಂದ ತಿಂಗಳು, ಬ್ಯಾಂಕ್ ಖಾತೆಯ ಸಂಖ್ಯೆ. ಸಹಿ ಹಾಕುವ ಮೊದಲು ಆಕೆ ಅದನ್ನು ಎರಡು ಸಲ ಓದಿಸಿ ಅರ್ಥ ಕೇಳಿಕೊಂಡಳು.